ಅತಿಶಯನ ಮಾತು

ರೂಪಶ್ರೀ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಅತಿಶಯ್ ಒಬ್ಬ ಗಿರಾಕಿಗೆ ಅವನ ಲ್ಯಾಪ್‌ಟಾಪಿನಲ್ಲಿ ಏನೂ ಕೆಟ್ಟಿಲ್ಲವೆಂದು ತಿಳಿಹೇಳುತ್ತಿದ್ದ. ಗಿರಾಕಿಗೆ ಅದು ಹಿಡಿಸಿರಲಿಲ್ಲ. ಅರಕಲಗೂಡಿನಿಂದ ಬಸ್ಸು ಹಿಡಿದು ಹಾಸನಕ್ಕೆ ಬಂದವನು ಏನಾದರೊಂದು ಕೆಟ್ಟಿದೆ, ಬದಲಿಸಬೇಕು ಎಂದು ಕೇಳಿಸಿಕೊಳ್ಳಲು ತಯಾರಾಗಿದ್ದ; ಬರೀ ಧೂಳು ಊದಿಸಿಕೊಂಡು ವಾಪಸು ಹೋಗುವುದೆಂದರೆ ತನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂಬಂತೆ ಮುಖ ಗಂಟಿಕ್ಕಿ ನಿಂತಿದ್ದ. "ಬೇರೆ ಕಡೆ ತೋರಿಸ್ತೀನಿ ಬಿಡಿ," ಎಂದು ಹೇಳಿ ಹೋದ. ಬೇರೆ ಕಡೆ ಅವನಿಗೆ ಬೇಕಾದದ್ದು ಸಿಗುತ್ತದೆಂದು ಅತಿಶಯನಿಗೆ ಗೊತ್ತಿತ್ತು. ಚನ್ನರಾಯಪಟ್ಟಣದಲ್ಲಿ ಅವನ ತಂದೆ ಧರಣೇಂದ್ರಯ್ಯನವರದು ಬಟ್ಟೆ ಅಂಗಡಿ. ಥಾನು ಬಿಚ್ಚಿದ ಕೂಡಲೇ, ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ, ಇಲ್ಲೊಂದು ಎಳೆ ಹೋಗಿದೆ ನೋಡಿ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಗಿರಾಕಿ ಎದ್ದು ಎದುರಿನ ಅಂಗಡಿಗೆ ಹೋಗುತ್ತಿದ್ದ. ತಂದೆ ಥಾನು ಸುತ್ತುತ್ತ ಮುಗುಳ್ನಗುತ್ತಿದ್ದರು. ಆ ನಗುವಿನಲ್ಲಿ ಸಮಾಧಾನವಿತ್ತೋ, ಎದ್ದುಹೋದವನ ಬಗ್ಗೆ ತಿರಸ್ಕಾರವಿತ್ತೋ ಚಿಕ್ಕವನಿದ್ದಾಗ ತಿಳಿಯುತ್ತಿರಲಿಲ್ಲ. ಈಗ ತನ್ನ ಮುಖದ ಮೇಲೂ ಅದೇ ನಗು ಬಂದಾಗ ಅತಿಶಯನಿಗೆ ತಿಳಿಯುತ್ತಿತ್ತು. ತಿಳಿದದ್ದು ಇಷ್ಟವಾಗುತ್ತಿರಲಿಲ್ಲ.

"ಇದನ್ನ ನೀವೇ ನೋಡ್ಬೇಕು ಅತಿಶಯ್," ಎಂದು ರೂಪಶ್ರೀ ಕೈಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದರೆ ಒಳಗೆ ಕೈವಸ್ತ್ರದಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಡಬ್ಬಿಯಿಂದ ನಿಂಬೆಹಣ್ಣಿನ ಚಿತ್ರಾನ್ನದ ವಾಸನೆ ಇನ್ನೂ ಹೋಗಿರಲಿಲ್ಲ. ಹಳೆಯ ಗೆಳೆಯ ಸಂಜಯನನ್ನು ಮದುವೆಯಾಗುವ ಮೊದಲಿನಿಂದಲೂ ಅವಳು ಅತಿಶಯನಿಗೆ ಗೊತ್ತು. ಹಾಸನ ಜಿಲ್ಲೆಯಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಂಡಿರುವ ನಾಲ್ಕಾರು ಊರಿನ ಹುಡುಗ ಹುಡುಗಿಯರು ಸೇರಿ ತಂತ್ರಾಂಶ ಬಳಗವೆಂದು ಕಟ್ಟಿಕೊಂಡು ತಿಂಗಳಿಗೊಮ್ಮೆ ಸೇರುತ್ತಿದ್ದ ಹೊಸತರಲ್ಲಿ, ಎಲ್ಲರಿಗೂ ಕಾಫಿ ಹಂಚಿ ತಾನು ಕುಡಿಯಲು ಮರೆಯುತ್ತಿದ್ದವಳು ಅವಳು.

"ಮೊನ್ನೆ ಸಿಡಿಲು ಬಂತಲ್ಲ, ಹೊಳೆನರಸೀಪುರದ ನಮ್ಮ ಆಫೀಸಿಗೆ ಕರೆಂಟು ಒಂದೇ ಸಲ ಜಾಸ್ತಿ ನುಗ್ಗಿ ಸರ್ವರ್ ಹೋಯ್ತು. ಹಾಲಿನ ಡೈರಿಗಳ ಲೆಕ್ಕ ಎಲ್ಲಾ ಇದರಲ್ಲೇ ಇರೋದು."

"ಕಾಪಿ?"

"ಇತ್ತು. ಕಾಪಿ ಇಟ್ಟಿದ್ದ ಡಿಸ್ಕು ಬೇಸಿಗೇಲೇ ಕೆಟ್ಟಿತ್ತಂತೆ. ಇನ್ನೊಂದು ಹಾಕ್ಬೇಕು ಹಾಕ್ಬೇಕು ಅಂತಾನೇ ಇದ್ರು."

"ಸಂಜಯ್ ಯಾಕೆ ಬರಲಿಲ್ಲ?"

ರೂಪಶ್ರೀ ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲೆ ಬೋರಲು ಹಾಕಿ ಮತ್ತೆ ಎತ್ತಿ ಇಟ್ಟಳು. "ಬಂದಿದಾರೆ. ಬಸ್‌ಸ್ಟ್ಯಾಂಡ್ ಹತ್ರ ಕಾರಲ್ಲಿ ಕೂತಿದಾರೆ. ನೀನೇ ಹೋಗು ಅಂದ್ರು."

ಅತಿಶಯನ ಬಾಯಲ್ಲಿ ನೀರೂರಿತು. ನಿಜವಾಗಿಯೇ ಊರಿತು, ಅದನ್ನು ನುಂಗಿದಾಗ ಗಂಟಲಿನಲ್ಲಿ ಆದ ಸದ್ದು ಅವಳಿಗೂ ಕೇಳಿಸಿತೇನೋ ಎಂದು ಅಳುಕಾಯಿತು. ಡಿಸ್ಕನ್ನು ಕೈಗೆತ್ತಿಕೊಂಡ. ತಣ್ಣಗಿತ್ತು. ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿರುವ ಸಂಜಯನ ಕತ್ತಿನ ಬೆವರನ್ನು, ಸ್ಟೇರಿಂಗಿನ ಮೇಲೆ ಬಡಿಯುತ್ತಿರುವ ಬೆರಳುಗಳನ್ನು ಕಣ್ಣೆದುರು ತಂದುಕೊಂಡ. "ಬಿಟ್ಟು ಹೋಗಿ, ನೋಡ್ತೀನಿ," ಎಂದ. ದನಿ ಯಾವಾಗಿನ ಹಾಗೇ ಇತ್ತು. ಬಂದವರಿಗೆಲ್ಲ ಧೈರ್ಯ ಕೊಡುವ ದನಿ ಅದು. ರೂಪಶ್ರೀ ಕಣ್ಣೊರೆಸಿಕೊಂಡು ಇಳಿದುಹೋದಳು.

ಅರಕಲಗೂಡಿನಲ್ಲಿ ಕಳೆದ ವರ್ಷ ಬಳಗ ಸೇರಿದ್ದಾಗ ಹೊರಗೆ ಬಿಸಿಲು ಮಳೆ ಎರಡೂ ಇದ್ದವು. ಟ್ಯೂಷನ್ ಸೆಂಟರಿನ ಮಹಡಿ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಸಂಜಯನ ಕಂಪನಿಯ ಹೆಸರು ದೊಡ್ಡದಾಗಿ ಬಿದ್ದಿತ್ತು. ಹಾಲಿನ ಡೈರಿಗಳಿಗೆಂದು ಕನ್ನಡದಲ್ಲಿ ಒಂದು ತಂತ್ರಾಂಶ. ಹಾಲು ಎಷ್ಟು, ಫ್ಯಾಟು ಎಷ್ಟು, ಯಾರದು ಎಂದು ಬರೆದಿಡುವುದು. ಅದನ್ನು ಅತಿಶಯ್ ಬರೆದು 'ಕರಾವು' ಎಂದು ಹೆಸರಿಟ್ಟು ಬಳಗದ ಮುಂದಿಟ್ಟಿದ್ದ: ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಿಕೊಳ್ಳಿ, ಆದರೆ ಬೀಗ ಹಾಕಬೇಡಿ. ಸಂಜಯ್ ಅದಕ್ಕೆ ಇಂಗ್ಲಿಷ್ ಹೆಸರಿಟ್ಟು, ಬೀಗ ಹಾಕಿ, ಹೊಳೆನರಸೀಪುರ ತಾಲ್ಲೂಕಿನ ಡೈರಿಗಳಿಗೆಲ್ಲ ಮಾರಿದ್ದ. ವರ್ಷಕ್ಕೊಮ್ಮೆ ಕೀಲಿ ಕೊಂಡುಕೊಳ್ಳದಿದ್ದರೆ ಪರದೆ ಕಪ್ಪಾಗುತ್ತಿತ್ತು. ಹಳ್ಳಿಮೈಸೂರಿನ ಕಡೆಯ ಒಂದು ಡೈರಿಯಲ್ಲಿ ಆ ಪರದೆಯ ಮೇಲೆ 'ಅಳೆದಾಯ್ತು, ಮುಂದಿನವರು ಬನ್ನಿ' ಎಂಬ ಸಾಲು ನೋಡಿ ಅತಿಶಯ್ ನಿಂತಲ್ಲೇ ನಿಂತಿದ್ದ. ಅವನ ಚಿಕ್ಕಂದಿನಲ್ಲಿ ತಾಯಿ ಮಕ್ಕಳಿಗೆ ಸಾಲಾಗಿ ಹಾಲು ಕೊಡುವಾಗ ಹೇಳುತ್ತಿದ್ದ ಮಾತು ಅದು, ಕರಾವಿನಲ್ಲಿ ಅವನೇ ಬರೆದದ್ದು. ಅರಕಲಗೂಡಿನಲ್ಲಿ ಯಾರೋ ಹೊಸ ಹುಡುಗಿ, ಇದನ್ನ ಬರೆದಿದ್ದು ಯಾರು ಎಂದು ಕೇಳಿದಳು. ಸಂಜಯ್ ಮೈಕು ಹಿಡಿದುಕೊಂಡೇ ಅತಿಶಯನ ಕಡೆ ಕೈ ತೋರಿಸಿ, "ನಮ್ಮ ಅತಿಶಯ್ ಕೂಡ ತುಂಬಾ ಹೆಲ್ಪ್ ಮಾಡವ್ನೆ. ಕನ್ನಡ ಕಾಗುಣಿತ ಎಲ್ಲಾ ಅವನೇ ತಿದ್ಕೊಟ್ಟಿದ್ದು," ಎಂದ. ಇಡೀ ಕೋಣೆ ತಿರುಗಿ ನೋಡಿತು. ಅತಿಶಯ್ ತಲೆಯಾಡಿಸಿದ. ಹೌದು ಎಂಬಂತೆ, ಅದೇನು ದೊಡ್ಡದು ಎಂಬಂತೆ, ವಿನಯದಿಂದ ತಲೆಯಾಡಿಸಿದ. ಸಂಜಯ್ ಕದ್ದದ್ದನ್ನು ಅವನು ಯಾವತ್ತಾದರೂ ಕ್ಷಮಿಸಿಯಾನು. ತನ್ನ ತಲೆ ತನ್ನನ್ನು ಕೇಳದೆ ಆಡಿದ್ದನ್ನು ಕ್ಷಮಿಸುವುದು ಹೇಗೆ? ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ, ತಾಯಿ ಊಟಕ್ಕೆ ಕರೆದಾಗ ಅದು ನೆನಪಾಗುತ್ತಲೇ ಇತ್ತು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಡಿಸ್ಕಿನ ಬೆನ್ನಿನ ಬೋರ್ಡನ್ನು ಬಿಚ್ಚಿದ. ಭೂತಗನ್ನಡಿಯಲ್ಲಿ ನೋಡಿದರೆ ಸಾಸಿವೆಯಷ್ಟು ಒಂದು ಭಾಗ ಕರಕಲಾಗಿತ್ತು. ನುಗ್ಗಿ ಬಂದ ಕರೆಂಟನ್ನು ತಾನು ನುಂಗಿಕೊಂಡು ಸತ್ತು ಉಳಿದದ್ದನ್ನೆಲ್ಲ ಕಾಪಾಡಲಿಕ್ಕೆಂದೇ ಅದನ್ನು ಅಲ್ಲಿ ಕೂರಿಸಿರುತ್ತಾರೆ. ಬೆಸುಗೆ ಕಡ್ಡಿಯ ತುದಿ ತಾಗಿಸಿ ಅದನ್ನು ಕಿತ್ತು ಹಾಕಿದ. ಡಿಸ್ಕಿಗೆ ಕರೆಂಟು ಕೊಟ್ಟ. ಅದು ಒಂದು ಸಲ ತಡೆದು, ಆಮೇಲೆ ನುಣ್ಣಗೆ ತಿರುಗತೊಡಗಿತು. ಪರದೆಯ ಮೇಲೆ ಡೈರಿಗಳ ಹೆಸರುಗಳು ಒಂದರ ಕೆಳಗೊಂದು ಬಂದವು. ಎಲ್ಲವೂ ಇತ್ತು. ಅವನು ಯಾವುದನ್ನೂ ತೆರೆದು ನೋಡಲಿಲ್ಲ. ಗಿರಾಕಿಯ ಡಿಸ್ಕಿನಲ್ಲಿ ಏನಿದೆಯೆಂದು ನೋಡುವುದಿಲ್ಲವೆಂಬುದು ಅಂಗಡಿ ತೆರೆದಾಗಿನಿಂದ ಅವನು ಹಾಕಿಕೊಂಡ ನೇಮ, ಅದನ್ನು ಈಗಲೂ ಮುರಿಯಲಿಲ್ಲವೆಂಬುದು ಅವನಿಗೆ ಮುಖ್ಯವೆನಿಸಿತು. ಇಷ್ಟು ಸುಲಭವೇ ಎಂದು ನಿರಾಸೆಯೂ ಆಯಿತು. ಎಲ್ಲವನ್ನೂ ತನ್ನದೊಂದು ಡಿಸ್ಕಿಗೆ ಕಾಪಿ ಮಾಡಲು ಹಚ್ಚಿ, ಒಳಗೆ ಹೋಗಿ ನೀರು ಕುಡಿದು ಬಂದು ಫೋನೆತ್ತಿಕೊಂಡ. ಆ ಹೊತ್ತಿನಲ್ಲೂ ನಿಜ ಹೇಳಬೇಕೆಂದೇ ಎತ್ತಿಕೊಂಡಿದ್ದನೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ.

ಮೊದಲ ರಿಂಗಿಗೇ ಸಂಜಯ್ ತೆಗೆದುಕೊಂಡ. "ಹೇಳೋ."

ಆ ಒಂದು ಪದದಲ್ಲಿದ್ದ ದೈನ್ಯ ಕೇಳಿ ಅತಿಶಯನ ನಾಲಿಗೆ ತಾನಾಗಿಯೇ ತಿರುಗಿತು. "ಹೇಳೋಕಾಗಲ್ಲ ಸಂಜಯ್. ಒಳಗಿನ ಪ್ಲೇಟು ಗೀಚಿರೋ ಹಾಗಿದೆ."

"ಏನಾರಾ ಬತ್ತದಾ?"

"ನೋಡ್ಬೇಕು."

"ಎಷ್ಟ್ ದಿನಾನಾರಾ ತಗ ಕಣೋ. ನೀನ್ ಬುಟ್ರೆ ನಂಗ್ಯಾರವ್ರೆ?"

ಫೋನು ಇಟ್ಟ ಮೇಲೂ ಆ ದನಿಯನ್ನು ಕಿವಿಯಲ್ಲಿ ಹಿಡಿದುಕೊಂಡು ಕೂತ. ಬೇರೆಯವರು ಸುಳ್ಳು ಹೇಳಬೇಕೆಂದರೆ ಮುಖ ಸಿದ್ಧಮಾಡಿಕೊಳ್ಳಬೇಕು, ದನಿ ಹದಕ್ಕೆ ತರಬೇಕು. ಅವನಿಗೆ ಅದೇನೂ ಬೇಕಾಗಲಿಲ್ಲ. ಇಷ್ಟು ವರ್ಷ ನಿಜ ಹೇಳಿ ಹೇಳಿ ಹದವಾದ ದನಿಯೇ ಸಾಕಾಯಿತು. ಎರಡು ದಿನ ಬಿಟ್ಟು, "ಹೋಯ್ತು ಸಂಜಯ್. ಏನೂ ಬರಲ್ಲ," ಎಂದು ಹೇಳಿದಾಗ ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಹಿಂದಿನಿಂದ ರೂಪಶ್ರೀ, ಏನಂತೆ, ಏನಂತೆ ಎನ್ನುವುದು ಕೇಳಿಸಿತು. ಅತಿಶಯ್ ತಾನಾಗಿ ಫೋನು ಕತ್ತರಿಸಲಿಲ್ಲ. ಆ ಉಸಿರನ್ನು ಕೊನೆಯವರೆಗೂ ಕೇಳಿದ.

ಡಿಸ್ಕುಗಳೆರಡೂ ಕೆಳಗಿನ ಡ್ರಾಯರಿನಲ್ಲಿ ಹಳೇ ವೈರುಗಳ ಅಡಿ ಇದ್ದವು. ಅಂಗಡಿಗೆ ಯಾರೇ ಬಂದರೂ, ಅವರ ಜೊತೆ ಮಾತಾಡುತ್ತಲೇ ಮೊಣಕಾಲಿನಿಂದ ಆ ಡ್ರಾಯರನ್ನು ಮುಟ್ಟಿ ನೋಡುವ ಅಭ್ಯಾಸವಾಯಿತು. ವಿಚಿತ್ರವೆಂದರೆ ಆ ವಾರ ಅವನು ಎಂದಿಗಿಂತ ಒಳ್ಳೆಯವನಾಗಿದ್ದ. ಗಿರಾಕಿಗಳ ಹತ್ತಿರ ನಗುನಗುತ್ತ ಮಾತಾಡಿದ. ಬೀದಿಯಲ್ಲಿ ಗಾಡಿ ಅಡ್ಡ ನಿಲ್ಲಿಸಿದವನ ಮೇಲೆ ರೇಗಲಿಲ್ಲ. ಜೈನರ ಹತ್ತು ದಿನದ ದಶಲಕ್ಷಣ ಪರ್ವದ ಒಂದೇ ಊಟದ ವ್ರತದಲ್ಲಿ ಸೊರಗಿದ್ದ ತಾಯಿ ಜಿನಮ್ಮನನ್ನು ದಿನಾ ಬೆಳಿಗ್ಗೆ ತಾನೇ ಬಸದಿಗೆ ಕರೆದುಕೊಂಡು ಹೋದ. "ನಿನ್ನ ಮುಖದಲ್ಲಿ ಈ ವರ್ಷ ಕಳೆ ಬಂದಿದೆ ಕಣಪ್ಪ," ಎಂದಳು ಅವಳು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಸಂಜಯನ ವಿಷಯವೇ ಮಾತು. ಪಾಪ ಎಂದವರಿದ್ದರು, ಬೇಕಿತ್ತು ಅವನಿಗೆ ಎಂದವರೂ ಇದ್ದರು. ಅತಿಶಯ್ ಎಲ್ಲವನ್ನೂ ಓದಿದ. ಏನೂ ಬರೆಯಲಿಲ್ಲ.

ಗಂಗಾಧರಯ್ಯ ಬಂದದ್ದು ಶುಕ್ರವಾರ. ಹಳ್ಳಿಮೈಸೂರಿನ ಕಡೆಯ ಅದೇ ಡೈರಿಯ ಸೆಕ್ರೆಟರಿ. ಮೊದಲು ಅವರಿಗೆ ಕರಾವು ಹಾಕಿಕೊಟ್ಟವನು ಅತಿಶಯನೇ. ಸಂಜಯ್ ಹೋಗಿ ಪುಕ್ಕಟೆ ಮಾಲಿಗೆ ವೈರಸ್ ಬರುತ್ತದೆಂದು ಹೆದರಿಸಿದ ಮೇಲೆ ಒಂದು ಮಾತೂ ಹೇಳದೆ ಬದಲಾಯಿಸಿಕೊಂಡಿದ್ದರು. ಆಗ ಬೇಜಾರಾಗಿತ್ತು. ಈಗ ಆ ಮನುಷ್ಯ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದದ್ದನ್ನು ನೋಡಿ, ಅತಿಶಯ್ ಬೇಕೆಂದೇ ಕೂರಿ ಎನ್ನಲು ತುಸು ತಡಮಾಡಿದ.

"ನಿಮ್ದ ಬುಟ್ಟು ಅವರ್ದಕ್ಕೆ ಓದೊ ಸಾ. ಅದುಕ್ಕೇ ಇಂಗಾಯ್ತು," ಎಂದರು ಗಂಗಾಧರಯ್ಯ. ಅಗಲ ಮುಖ, ಗಡ್ಡ ಬೆಳೆದಿತ್ತು. "ನಾನ್ ಕ್ಯೋಳಕ್ ಬಂದಿರಾದು ಅದಲ್ಲ. ಊರೋರು ನನ್ನ ಕಳ್ಳ ಅಂತಾವ್ರೆ. ಕಂಪ್ಯೂಟ್ರೂ ಕೆಟ್ಟಿಲ್ಲ ಏನೂ ಕೆಟ್ಟಿಲ್ಲ, ಗಂಗಾಧರಯ್ಯನೇ ನಮ್ ಲೆಕ್ಕ ಅಳಿಸವ್ನೆ ಅಂತ. ನೆನ್ನೆ ಹೊನ್ನಕ್ಕ ಅಂತ ಒಬ್ಳು, ಗಂಡ ಇಲ್ಲ, ಒಂದೇ ಹಸ, ಡೈರಿ ಮುಂದೆ ಕ್ಯಾನ್ ಕುಕ್ಕಿ, ಹದ್ನೈದ್ ದಿನ ನನ್ನಸ ಕರ್ದಿದ್ದು ಆಕಾಸಕ್ಕೆ ಓಯ್ತೇನ್ಲಾ ಅಂದ್ಳು. ನನ್ನ ಮಗಳು ಅಲ್ಲೇ ನಿಂತಿತ್ತು ಸಾ."

"ಸಂಜಯ್ ಬಂದು ಹೇಳಲಿಲ್ವಾ?"

"ಬಂದಿದ್ರು. ಇಬ್ರೂ ಸೇರ್ಕೊಂಡವ್ರೆ ಅಂದ್ರು ಊರೋರು. ನೀವೊಂದ್ ಮಾತು ಬಂದೇಳ್ಬುಡಿ ಸಾ, ಡಿಸ್ಕು ಸತ್ತೋಗದೆ ಅಂತ. ನಿಮ್ ಮಾತಾದ್ರೆ ಕೇಳ್ತಾರೆ."

ಇಲ್ಲವೆನ್ನಲು ಕಾರಣವೇ ಇರಲಿಲ್ಲ. ನಿಜ ಹೇಳಿದ್ದವನಾಗಿದ್ದರೆ ಹೋಗುತ್ತಿದ್ದ, ಆದ್ದರಿಂದ ಹೋಗಲೇಬೇಕಾಯಿತು. ಸಂಜೆ ಹಾಲಿನ ಹೊತ್ತಿಗೆ ಗಂಗಾಧರಯ್ಯನ ಬೈಕಿನ ಹಿಂದೆ ಕೂತು ಹೋಗುವಾಗ, ರಸ್ತೆಯ ಎರಡೂ ಕಡೆ ಭತ್ತದ ಪೈರಿನ ಮೇಲೆ ಗಾಳಿ ಓಡುತ್ತಿತ್ತು. ಇಳಿಸಿ ಎಂದು ಭುಜ ತಟ್ಟಿದರೆ ಮುಗಿಯಿತು. ಎದುರಿಗಿದ್ದ ಗಂಗಾಧರಯ್ಯನ ಕತ್ತಿನ ಹಿಂದೆ ಬನಿಯನ್ನಿನ ಅಂಚು ಹರಿದಿತ್ತು. ಈ ಮನುಷ್ಯನ ಮೇಲೆ ತನಗೆ ಏನೂ ಹಗೆಯಿಲ್ಲ, ಇದ್ದದ್ದು ಸಣ್ಣದೊಂದು ಕಹಿ, ಅದೂ ಬರಿಗಾಲಲ್ಲಿ ಬಂದಾಗಲೇ ಕರಗಿತ್ತು. ಹಾಗಾದರೆ ಯಾವುದಕ್ಕಾಗಿ ಈ ಬೈಕಿನ ಮೇಲೆ ಕೂತಿದ್ದೇನೆ? ಸಂಜಯ್ ಕಾರಿನೊಳಗೆ ಕೂತು ಹೆಂಡತಿಯನ್ನು ಕಳಿಸಿದ; ನಾನು ಡ್ರಾಯರಿನೊಳಗೆ ಡಿಸ್ಕನ್ನಿಟ್ಟು ಈ ಊರಿಗೆಲ್ಲ ಬಿಸಿ ಮುಟ್ಟಿಸುತ್ತಿದ್ದೇನೆ. ಸಂಜಯನ ಮುಖ ನೆನಪಾದೊಡನೆ ಮನಸ್ಸು ತಿಳಿಯಾಯಿತು. ಇದೆಲ್ಲ ಅವನಿಂದಲೇ, ಅವನು ಬೀಗ ಹಾಕದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ ಎಂದುಕೊಂಡ. ಆ ಲೆಕ್ಕ ಸರಿಯಾಗಿಯೇ ಇತ್ತು.

ಡೈರಿಯ ಮುಂದೆ ಜನ ಕ್ಯಾನು ಹಿಡಿದು ಸೇರಿದ್ದರು. ಅತಿಶಯ್ ಜಗಲಿಯ ಮೇಲೆ ನಿಂತು ಮಾತಾಡಿದ. ಸಿಡಿಲಿಗೆ ಡಿಸ್ಕು ಸುಟ್ಟಿತೆಂದ. ತಾನೇ ಬಿಚ್ಚಿ ನೋಡಿದೆನೆಂದ. ಅಲ್ಲಿಯವರೆಗೆ ಎಲ್ಲವೂ ನಿಜವಾಗಿತ್ತು. "ಅದರಿಂದ ಏನೂ ವಾಪಸ್ ಬರಲ್ಲ. ಗಂಗಾಧರಯ್ಯನೋರದ್ದು ಇದರಲ್ಲಿ ಏನೂ ತಪ್ಪಿಲ್ಲ," ಎಂದ. ಒಂದೇ ಉಸಿರಿನಲ್ಲಿ ಸುಳ್ಳೂ ನಿಜವೂ ಜೊತೆಯಾಗಿ ಬಂದವು. ಯಾವುದು ಯಾವುದಕ್ಕೆ ಆಸರೆ ಕೊಟ್ಟಿತೋ.

ಗುಂಪಿನ ಹಿಂದೆ ಯಾರೋ ಗೊಣಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ಒಬ್ಬ ಕಪ್ಪನೆಯ ಹೆಂಗಸು ತಿರುಗಿ, "ಸುಮ್ಕಿರ್ಲಾ. ಆಯಪ್ಪ ನಮ್ಮೂರ್ನ ಇಸ್ಕೂಲ್ ಕಂಪ್ಯೂಟ್ರ್ ನೋಡಕ್ ಬಂದು, ಕೆಟ್ಟಿಲ್ಲ ಅಂತ ದುಡ್ಡೇ ಮುಟ್ದಂಗೆ ಓದೋನು. ಅವ್ನ್ಯಾಕೆ ಸುಳ್ಳೇಳಾನು?" ಎಂದಳು. ಅವಳೇ ಹೊನ್ನಕ್ಕನೆಂದು ಗಂಗಾಧರಯ್ಯ ಪಿಸುಗುಟ್ಟಿದರು. ಅವಳು ಅತಿಶಯನ ಕಡೆ ನೋಡಿ, "ನೀ ಏಳಿದ್ಮ್ಯಾಕೆ ಮುಗೀತು ಬುಡಪ್ಪ. ನನ್ನ ಹಣೇಬರ," ಎಂದು ಕ್ಯಾನನ್ನು ತಕ್ಕಡಿಯ ಮೇಲೆ ಇಟ್ಟಳು. ಜನ ಸಾಲಿಗೆ ನಿಂತರು. ಲೆಕ್ಕ ಕಳೆದುಹೋದ ದಿನಗಳ ಹಾಲಿನ ದುಡ್ಡನ್ನು ಹಸುವಿಗಿಷ್ಟೆಂದು ಸಮನಾಗಿ ಹಂಚಿಬಿಡುವುದೆಂದು ತೀರ್ಮಾನವಾಯಿತು. ಹೆಚ್ಚು ಕರೆಯುವ ಹಸುವಿನವಳು ತಾನೆಂದು ಹೊನ್ನಕ್ಕ ಬಾಯಿಬಿಡಲಿಲ್ಲ. ಗಂಗಾಧರಯ್ಯ ಅತಿಶಯನ ಎರಡೂ ಕೈ ಹಿಡಿದುಕೊಂಡರು. ಆ ಕೈಗಳು ಬಿಸಿಯಾಗಿದ್ದವು. ತನ್ನ ಮಾತಿಗೆ ಇಷ್ಟು ತೂಕವಿದೆಯೆಂದು ಅತಿಶಯನಿಗೆ ಈ ಮೊದಲು ತಿಳಿದಿರಲಿಲ್ಲ. ನಿಜ ಹೇಳುತ್ತಿದ್ದಾಗ ಅದನ್ನು ಯಾರೂ ತೂಗಿ ತೋರಿಸಿರಲಿಲ್ಲ. ವಾಪಸು ಬರುವಾಗ ಎದೆಯಲ್ಲಿ ಹೆಮ್ಮೆಯಂಥದೇನೋ ಉಬ್ಬುತ್ತಿತ್ತು. ಅದಕ್ಕಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಅದು ಉಬ್ಬುತ್ತಲೇ ಇತ್ತು.

ಪರ್ವ ಮುಗಿದ ಮರುದಿನ ಕ್ಷಮಾವಣಿ. ಬಸದಿಯಿಂದ ಬಂದ ಜಿನಮ್ಮ ತಟ್ಟೆಯನ್ನು ಕೆಳಗಿಟ್ಟು, ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ ಮಗನ ಮುಂದೆ ಬಂದು ಕೈಮುಗಿದಳು. ಪ್ರತಿವರ್ಷವೂ ಹೀಗೆಯೇ. ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಎಲ್ಲರಲ್ಲಿ ಕೇಳಿಕೊಳ್ಳುವುದು. "ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ನಿನ್ನ ಮನಸ್ಸಿಗೆ ನೋವಾಗಿದ್ರೆ ಕ್ಷಮಿಸಪ್ಪ."

"ನಂದೂ ಕ್ಷಮಿಸಮ್ಮ," ಎಂದ ಅತಿಶಯ್.

"ಸಂಜಯನಿಗೂ ಒಂದು ಫೋನ್ ಮಾಡು. ಈ ಮನೇಲಿ ಎಷ್ಟು ಸಲ ಉಂಡಿದಾನೆ. ಅವನು ಕೇಳಲಿ ಬಿಡಲಿ, ನೀನು ಕೇಳು."

"ನಾಳೆ ಬಳಗದಲ್ಲಿ ಸಿಗ್ತಾನೆ."

ಅವಳ ಮುಗಿದ ಕೈ ಇನ್ನೂ ಹಾಗೆಯೇ ಇತ್ತು. ಉಪವಾಸದಿಂದ ಬಳೆಗಳು ಮೊಣಕೈಗೆ ಜಾರಿದ್ದವು. ಅವಳ ಕಣ್ಣು ತಪ್ಪಿಸಲು ಅವನು ಬಗ್ಗಿ ಪಾದ ಮುಟ್ಟಿದ. ಏನೆಂದು ಹೇಳದೆ ಕೇಳಿದ ಕ್ಷಮೆ ಏನೆಂದು ತಿಳಿಯದೆಯೇ ಸಿಕ್ಕಿಬಿಡುತ್ತದೆ. ಅಷ್ಟು ಸುಲಭವಾಗಿ ಸಿಗುವುದರ ಮೇಲೆ ಅವನಿಗೆ ಸಿಟ್ಟು ಬಂತು.

ಭಾನುವಾರದ ಬಳಗ ಚನ್ನರಾಯಪಟ್ಟಣದಲ್ಲಿ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ರುದ್ರಯ್ಯನವರ ಮನೆಯ ಮಹಡಿಯಲ್ಲಿ. ಸಂಜಯ್ ತಡವಾಗಿ ಬಂದು ಹಿಂದೆ ಕೂತ. ಒಂದು ವಾರಕ್ಕೇ ಅವನ ಅಂಗಿ ಸಡಿಲಾಗಿತ್ತು. ರೂಪಶ್ರೀ ಬಂದಿರಲಿಲ್ಲ. ಅತಿಶಯ್ ಅವನನ್ನು ಕಳ್ಳಗಣ್ಣಿನಿಂದ ನೋಡಿ ನೋಡಿ ತಣಿದ. ಕೆನ್ನೆಯ ಗುಳಿ, ಕಾಲರಿನ ಕೊಳೆ, ಯಾರಾದರೂ ಮಾತಾಡಿಸಿದರೆ ಬೆಚ್ಚುವುದು, ಎಲ್ಲ ಬೇಕೆಂದು ಮಾಡಿಸಿದಷ್ಟು ಚೆನ್ನಾಗಿತ್ತು. ಕಾಫಿಯ ನಂತರ ಸಂಜಯ್ ತಾನಾಗಿ ಎದ್ದು ನಿಂತ.

"ಡೈರಿಗಳ್ದು ಎಲ್ಲಾ ಓಯ್ತು, ನಿಮ್ಗೆಲ್ಲ ಗೊತ್ತು," ಎಂದ. ಗಂಟಲು ಸರಿಮಾಡಿಕೊಂಡ. "ಬೆಂಗ್ಳೂರಿಗೆ ಕಳ್ಸು ಅಂದ್ರು ಕೆಲವ್ರು. ನಾನ್ ಕಳ್ಸಲಿಲ್ಲ. ಅತಿಶಯ್ ಓಯ್ತು ಅಂದ್ಮೇಲೆ ಓಯ್ತು. ಈ ಜಿಲ್ಲೇಲಿ ನಾನು ಕಣ್ಮುಚ್ಕಂಡು ನಂಬೋ ಮಾತು ಅದೊಂದೇ. ಇನ್ನೊಂದು. ಆ ಸಾಫ್ಟ್‌ವೇರ್ ಬರ್ದೋನು ಇವ್ನೇ. ಪೂರ್ತಿ ಇವ್ನೇ. ನಾನು ಬೀಗ ಹಾಕ್ದೆ, ಅಷ್ಟೆ. ಅರಕಲಗೂಡಲ್ಲಿ ನಾನಾಡಿದ್ ಮಾತು ಸುಳ್ಳು."

ರುದ್ರಯ್ಯ ಚಪ್ಪಾಳೆ ತಟ್ಟಲು ಶುರುಮಾಡಿದರು, ಉಳಿದವರೂ ತಟ್ಟಿದರು. ಎಲ್ಲರೂ ಅತಿಶಯನ ಕಡೆ ತಿರುಗಿದ್ದರು. ಅವನಿಗೆ ಆದದ್ದು ಸಂತೋಷವಲ್ಲ. ಜೇಬಿನಲ್ಲಿದ್ದದ್ದನ್ನು ಯಾರೋ ಎತ್ತಿಕೊಂಡಾಗ ಆಗುವಂಥ ದಿಗಿಲು. ವರ್ಷವಿಡೀ ಕಾದು ತಾನು ಕಿತ್ತುಕೊಳ್ಳಬೇಕೆಂದಿದ್ದನ್ನು ಈ ಮನುಷ್ಯ ಎದ್ದುನಿಂತು ಭಿಕ್ಷೆಯ ಹಾಗೆ ಕೊಟ್ಟುಬಿಟ್ಟ. ಈಗ ಎಲ್ಲರ ಕಣ್ಣಿನಲ್ಲೂ ಸಂಜಯನೇ ದೊಡ್ಡವನಾಗಿದ್ದ. ಅವನು ತಪ್ಪೊಪ್ಪಿಕೊಂಡವನು, ಸೋತು ನಿಂತವನು. ಊಟಕ್ಕೆ ಕೂತಾಗ ಎಲ್ಲರೂ ಅವನ ಪಕ್ಕದಲ್ಲೇ ಜಾಗ ಹುಡುಕಿದರು. ತಾನು ಏನು ಮಾಡಿದೆನೆಂದು ಸಂಜಯನಿಗೆ ತಿಳಿಯಲೇ ಇಲ್ಲ. ಸಿಡಿಲು ಬಡಿಯಿತು, ಡಿಸ್ಕು ಹೋಯಿತು ಎಂದಷ್ಟೇ ಅವನು ತಿಳಿದಿದ್ದಾನೆ. ಸಿಡಿಲನ್ನು ಯಾರು ದ್ವೇಷಿಸುತ್ತಾರೆ? ಎಲೆಯ ಮೇಲಿನ ಅನ್ನ ಕಲಸುತ್ತ ಅತಿಶಯ್ ನಿರ್ಧರಿಸಿದ: ಹೇಳಬೇಕು. ಪಶ್ಚಾತ್ತಾಪಕ್ಕಲ್ಲ. ಹೊಡೆದವನು ತಾನೆಂದು ಅವನಿಗೆ ಗೊತ್ತಾಗಬೇಕು. ಗೊತ್ತಾದಾಗ ಅವನ ಮುಖ ನೋಡಬೇಕು.

ಕೈ ತೊಳೆದು ಬೀದಿಗಿಳಿದರೆ ಬೇವಿನ ಮರದ ಕೆಳಗೆ ಸಂಜಯ್ ಕಾರಿಗೆ ಒರಗಿ ನಿಂತಿದ್ದ. "ಹಾಸನಕ್ಕೆ ತಾನೆ? ಬಾ, ಒಟ್ಗೇ ಓಗನ," ಎಂದ.

"ಆ ಡಿಸ್ಕು ಸತ್ತಿಲ್ಲ," ಎಂದ ಅತಿಶಯ್.

ಸಂಜಯ್ ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿದು ನಿಂತ.

"ಬೋರ್ಡಲ್ಲಿ ಒಂದು ಪುಟ್ಟ ಭಾಗ ಸುಟ್ಟಿತ್ತು. ರೂಪಶ್ರೀ ಕೊಟ್ಟು ಹೋದ ದಿನ ಮಧ್ಯಾಹ್ನಾನೇ ಸರಿಹೋಯ್ತು. ಎಲ್ಲಾ ಇದೆ. ನನ್ನ ಡ್ರಾಯರಲ್ಲಿದೆ."

"ಎಲ್ಲಾನಾ?"

"ಎಲ್ಲಾ. ನಿಂಗೆ ಫೋನ್ ಮಾಡಿ ಪ್ಲೇಟ್ ಗೀಚಿದೆ ಅಂದಾಗ ಅದು ನನ್ನ ಮುಂದೆ ತಿರುಗ್ತಾ ಇತ್ತು." ಇದನ್ನು ಹೇಳುವಾಗ ಅತಿಶಯನ ದನಿ ನಡುಗಿತು; ಹೆದರಿಕೆಯಿಂದಲ್ಲ, ಹಸಿವಿನಿಂದ. ಅವನು ಕಾದ. ಕೆನ್ನೆಗೆ ಹೊಡೆದರೂ ಸರಿ, ಬೀದಿಯಲ್ಲಿ ಕೂಗಾಡಿದರೂ ಸರಿ. ಮಹಡಿಯಿಂದ ಇಳಿದವರು ನಿಂತು ನೋಡಿದರೂ ಸರಿಯೇ.

ಸಂಜಯ್ ಕಾರಿನ ಬಾನೆಟ್ಟಿನ ಮೇಲೆ ಕೂತ. ಕೆನ್ನೆಯ ಮೇಲೆ ಒಂದು ಸಲ ಕೆಂಪು ಏರಿ ಇಳಿಯಿತು. ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಕೈ ತೆಗೆದಾಗ, ಅತಿಶಯ್ ವರ್ಷಗಟ್ಟಲೆ ನೋಡಿರದ ಒಂದು ಮುಖ ಅಲ್ಲಿತ್ತು. ಬಳಗ ಶುರುವಾದ ಕಾಲದ ಸಲಿಗೆಯ ಮುಖ.

"ಅಬ್ಬ," ಎಂದ. ದೊಡ್ಡದಾಗಿ ಉಸಿರುಬಿಟ್ಟ. "ಒಂದ್ ಮಾತೇಳ್ಲಾ? ನಿನ್ನಂಗ್ಡಿ ರಸ್ತೇಲಿ ಓಗೋದು ಬುಟ್ಟು ಎಷ್ಟ್ ದಿನ ಆಯ್ತು ಗೊತ್ತೇನೋ. ಸುತ್ತಾಕ್ಕಂಡ್ ಓಗ್ತಿದ್ದೆ. ನೀನಲ್ಲಿ ಕೂತ್ಕಂಡು ಕೆಟ್ಟಿಲ್ಲ, ಏನೂ ಕೆಟ್ಟಿಲ್ಲ ಅಂತ ಜನುಕ್ಕೆ ಏಳ್ತಿರ್ತೀಯ. ನಾನು ಇಂಗಾಗೋದೆ. ನಿನ್ನ ನೆನ್ಸ್ಕಂಡ್ರೆ ಅನ್ನ ಸೇರ್ತಿರಲಿಲ್ಲ ಕಣೋ ನಂಗೆ." ಇಳಿದು ಬಂದು ಅತಿಶಯನ ಹೆಗಲ ಮೇಲೆ ಕೈ ಹಾಕಿದ. ಕೈ ಭಾರವಾಗಿತ್ತು, ಆತ್ಮೀಯವಾಗಿತ್ತು. "ಈಗ ಅಗುರ ಆಯ್ತು. ನೀನೂ ನಮ್ಮಂಗೇಯ."

"ನಾನು ನಿನ್ನ ಹಾಗಲ್ಲ," ಎಂದ ಅತಿಶಯ್.

"ಆಯ್ತು ಬುಡು." ಸಂಜಯ್ ಬಾಗಿಲು ತೆರೆದು ಅವನನ್ನು ಕೂರಿಸಿದ. "ಯಾರ್ಗೂ ಏಳಲ್ಲ ನಾ. ನಿನ್ನ ಎಸ್ರು ಕೆಡ್ಸಲ್ಲ. ನಿನ್ನ ಎಸ್ರು ಕೆಟ್ರೆ ನಂಗೂ ನಷ್ಟಾನೇ."

ಕಾರು ಊರು ದಾಟಿ ಹಾಸನದ ರಸ್ತೆಗೆ ಬಿತ್ತು. ಸಂಜಯ್ ಮಾತು ನಿಲ್ಲಿಸಲಿಲ್ಲ. ಬೀಗ ತೆಗೆಯುತ್ತೇನೆಂದ, ಇಬ್ಬರೂ ಸೇರಿ ಮಾಡೋಣವೆಂದ, ಡೈರಿಗಳಲ್ಲಿ ತನ್ನ ಕೆಲಸ, ನಿನ್ನ ಮಾತು, ಯಾರು ಅಡ್ಡ ಬರುತ್ತಾರೆ ಎಂದ. ಅದರಲ್ಲಿ ವ್ಯಂಗ್ಯವಿದೆಯೇ ಎಂದು ಅತಿಶಯ್ ಕಿವಿಗೊಟ್ಟು ಹುಡುಕಿದ. ಇರಲಿಲ್ಲ. ಸಂಜಯ್ ಒಂದು ಕೈಯಿಂದ ಫೋನು ಒತ್ತಿ ಸ್ಪೀಕರಿಗೆ ಹಾಕಿದ. "ಗಂಗಾಧರಯ್ಯ, ನಾನು ಸಂಜಯ್. ನಿಮ್ದೆಲ್ಲಾ ವಾಪಸ್ ಬಂತು ಕಣ್ರೀ. ಅತಿಶಯ್ ಸೋತೆ ಅಂದ್ರೂ ಬುಡಲಿಲ್ಲ, ಹಟ ಹಿಡ್ದು ಇನ್ನೊಂದ್ಸಲ ಕೂತು ತಗ್ದವ್ನೆ."

ಆ ಕಡೆ ಗಂಗಾಧರಯ್ಯ ಯಾರನ್ನೋ ಕೂಗಿ ಹೇಳಿದ್ದು, ಮಗುವೊಂದು ಏನೋ ಕೇಳಿದ್ದು, ಪಾತ್ರೆಯ ಸದ್ದು. "ಅವ್ರಿಗೆ ಕೊಡಿ ಸಾ, ಒಂದ್ ಮಾತಾಡ್ತೀನಿ."

ಸಂಜಯ್ ಫೋನನ್ನು ಅತಿಶಯನ ಮುಂದೆ ಹಿಡಿದ. "ಮಾತಾಡೋ."

"ಸಾ," ಎಂದರು ಗಂಗಾಧರಯ್ಯ. ಅಳುತ್ತಿದ್ದರು. "ನಾಳೆ ಬೆಳಿಗ್ಗೆ ಹಾಲಿನೊತ್ತಿಗೆ ನೀವೇ ಬಂದು ಊರೋರ್ಗೆ ಏಳ್ಬೇಕು ಸಾ. ನಾನೇಳಿದ್ರೆ, ಎದ್ರಿಕಂಡು ವಾಪಸ್ ಆಕ್ದ ಅಂತಾರೆ. ನಿಮ್ ಬಾಯಲ್ಲೇ ಬರ್ಬೇಕು. ಬತ್ತೀರಾ ಸಾ?"

ರಸ್ತೆಯಂಚಿನ ತೆಂಗಿನ ಮರಗಳ ನೆರಳು ಗಾಜಿನ ಮೇಲೆ ಒಂದಾದ ಮೇಲೊಂದು ಬಿದ್ದು ಹೋಗುತ್ತಿತ್ತು. ಈಗ ಹೇಳಿಬಿಡಬಹುದಿತ್ತು. ಹೇಳಿದರೆ ಆ ಊರು ಮುಂದೆ ಯಾವ ಮಾತನ್ನು ನಂಬೀತು? ಗಂಗಾಧರಯ್ಯನ ಹೆಸರನ್ನು ಕಾಪಾಡಿದ ಮಾತೂ ಅದರ ಜೊತೆಗೇ ಬಿದ್ದುಹೋಗುತ್ತದೆ. ಹೀಗೆ ಯೋಚಿಸುವಾಗ ತಾನು ಯೋಚಿಸುತ್ತಿರುವುದು ಗಂಗಾಧರಯ್ಯನ ಹೆಸರನ್ನೋ ತನ್ನದನ್ನೋ ಎಂದು ಬಿಡಿಸಿ ನೋಡಲು ಹೋಗಿ, ಅರ್ಧದಲ್ಲೇ ಕೈಬಿಟ್ಟ.

"ಬರ್ತೀನಿ," ಎಂದ.

ಸಂಜಯ್ ಫೋನು ಇಟ್ಟು, ಮುಂದಿದ್ದ ಕಬ್ಬಿನ ಲಾರಿಯನ್ನು ದಾಟಿದ. "ನಾನೇ ಬಂದು ಕರ್ಕಂಡ್ ಓಗ್ತೀನಿ ನಾಳೆ," ಎಂದ. "ಎಂಗೆ ಬಂತು, ಏನ್ ಮಾಡ್ದೆ ಅಂತ ಕ್ಯೋಳ್ತಾರೆ. ಏನೇಳ್ಬೇಕು ಅನ್ನೋದ ದಾರೀಲಿ ಮಾತಾಡ್ಕಳನ."

ಹಾಸನ ಬಂತು. ಕಾರು ಅಂಗಡಿಯ ಮುಂದೆ ನಿಂತಿತು. ಅತಿಶಯ್ ಬೆಲ್ಟು ಬಿಚ್ಚಿ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಸಂಜಯನ ಕಡೆ ತಿರುಗಿದ.

"ಎಷ್ಟು ಹೊತ್ತಿಗೆ ಬರ್ತೀಯ?" ಎಂದು ಕೇಳಿದ.